ಚೆರ್ರಿಯ ಆಸೆಗೆ ಕವಳಿ, ಬಾರಿಯ ಉತ್ತರ

ಪ್ರಶ್ನೆ: ಕಾಶ್ಮೀರ ಪ್ರವಾಸದಲ್ಲಿ ಚೆರ್ರಿ ತೋಟ ನೋಡಿದೆವು. ಒಂದು ತಳಿ ಮುಗಿಯುತ್ತಲೇ ಇನ್ನೊಂದು ಹಣ್ಣಾಗುತ್ತದಂತೆ. ಹುಕ್ಕೇರಿ ತಾಲ್ಲೂಕಿನಲ್ಲಿ ನಮ್ಮದು ಮಡ್ಡಿ ಹೊಲ; ಬೀಗರದು ಮೂಡಲಗಿ ಹತ್ತಿರ ಎರಿ ಹೊಲ. ಚೆರ್ರಿ ಹಚ್ಚಬಹುದೇ? ಯಾವ ತಳಿ, ಯಾವ ತಿಂಗಳಿಗೆ ಕೊಯ್ಲು?

ಉತ್ತರ: ಹಚ್ಚಬೇಡಿ. ಗಿಡ ಒಂದಷ್ಟು ವರ್ಷ ಬದುಕೀತು, ಹಣ್ಣು ಕೊಡಲಾರದು. ಸಿಹಿ ಚೆರ್ರಿ ಚಳಿಗಾಲದಲ್ಲಿ ಎಲೆ ಉದುರಿಸಿ ನಿದ್ದೆಗೆ ಜಾರುವ ಮರ. ಸಾಮಾನ್ಯ ತಳಿಗಳ ಮೊಗ್ಗು ಎಚ್ಚರಗೊಳ್ಳಲು 7 ಡಿಗ್ರಿಗಿಂತ ಕೆಳಗಿನ ಚಳಿ ನೂರಾರು ಗಂಟೆ, ಕೆಲವಕ್ಕೆ ಸಾವಿರ ಗಂಟೆಗೂ ಮೇಲೆ ಬೇಕು. ಘಟಪ್ರಭೆಯ ದಂಡೆಯಲ್ಲಿ ಡಿಸೆಂಬರ್ ನಸುಕಿಗೆ ಎಷ್ಟೇ ನಡುಕ ಹುಟ್ಟಿದರೂ ಅಂಥ ಚಳಿ ಬೀಳುವುದಿಲ್ಲ.

ಕಾಶ್ಮೀರದಲ್ಲಿ ಕೊಯ್ಲು ಮೇ ನಡುವಿಗೆ ಸುರುವಾಗಿ ಜುಲೈ ಆರಂಭದವರೆಗೆ ನಡೆಯುತ್ತದೆ. ಮೊದಲು ಬರುವುದು ಹೆಸರಿಗೆ ತಕ್ಕಂತೆ ‘ಅವ್ವಲ್ ನಂಬರ್’. ಗಟ್ಟಿ ತಿರುಳಿನ ಸಿಹಿ ‘ಮಿಶ್ರಿ’ ಆಮೇಲಿನದು. ಹಲವು ತಳಿ ಕೂಡಿಸಿ ಹಚ್ಚುವುದು ಕೊಯ್ಲು ಲಂಬಿಸಲಿಕ್ಕಷ್ಟೇ ಅಲ್ಲ. ಬಹಳಷ್ಟು ಚೆರ್ರಿ ತಳಿಗಳಿಗೆ ತಮ್ಮದೇ ಪರಾಗದಿಂದ ಕಾಯಿ ಕಟ್ಟುವುದಿಲ್ಲ, ಹೊಂದುವ ಬೇರೆ ತಳಿ ಪಕ್ಕದಲ್ಲಿರಬೇಕು. ತನ್ನ ಪರಾಗದಿಂದಲೇ ಕಾಯಿ ಕಟ್ಟುವ ‘ಸ್ಟೆಲ್ಲಾ’ ಕೆನಡಾದಲ್ಲಿ ಬಿಡುಗಡೆಯಾದದ್ದು 1968ರಲ್ಲಿ. ಹಣ್ಣು ಕಿತ್ತ ಮೇಲೆ ಮಾಗುವುದೂ ಇಲ್ಲ. ಅದಕ್ಕೇ ಕೊಯ್ಲಿನ ಗಡಿಬಿಡಿ ಅಷ್ಟು.

ನರ್ಸರಿಯಲ್ಲಿ ‘ಚೆರ್ರಿ’ ಎಂದು ಕೊಡುವ ಸಸಿ ಕೊಳ್ಳುವ ಮುನ್ನ ವಿಚಾರಿಸಿ. ‘ಸಿಂಗಪುರ ಚೆರ್ರಿ’ ಎಂದರೆ ಶಾಲೆಯ ಅಂಗಳಗಳಲ್ಲಿ ಮಕ್ಕಳು ಆರಿಸಿ ತಿನ್ನುವ ಗಸಗಸೆ ಹಣ್ಣಿನ ಮರ. ನೆರಳಿಗೆ, ಹಕ್ಕಿಗಳಿಗೆ ಒಳ್ಳೆಯದು. ಕಾಶ್ಮೀರದ ಚೆರ್ರಿಗೂ ಅದಕ್ಕೂ ನಂಟಿಲ್ಲ.

ನಿಮಗೆ ಬೇಕಾದದ್ದು ಒಂದಾದ ಮೇಲೊಂದು ಹಣ್ಣಾಗುವ ತೋಟ ತಾನೇ? ಅದು ನಿಮ್ಮ ನೆಲದಲ್ಲೇ ಆಗುತ್ತದೆ. ಮೊದಲನೆಯದು ಕವಳಿ. ಬೇಕರಿಯ ಕೇಕಿನ ಮೇಲೆ, ಪಾನಿನಲ್ಲಿ ಕೂರುವ ಕೆಂಪು ‘ಚೆರ್ರಿ’ ಎಷ್ಟೋ ಸಲ ಬೀಜ ತೆಗೆದು, ಬಣ್ಣ ಹಾಕಿ, ಸಕ್ಕರೆ ಪಾಕದಲ್ಲಿ ನೆನೆಸಿದ ಕವಳಿಕಾಯಿಯೇ. ಕಲ್ಲು ನೆಲ, ಕಡಿಮೆ ಮಳೆ ಎರಡನ್ನೂ ತಾಳುವ ಗಿಡ ಇದು. ನಿಮ್ಮ ಮಡ್ಡಿಯ ಒಡ್ಡಿನ ಮೇಲೆ ಮೀಟರಿಗೊಂದರಂತೆ ಹಚ್ಚಿದರೆ ದನ ನುಗ್ಗದ ಮುಳ್ಳುಬೇಲಿಯೂ ಆಯಿತು. ಉಪ್ಪಿನಕಾಯಿಗೆ ಬಲಿತ ಹಸಿರು ಕಾಯಿ ಬೇಸಿಗೆಯಲ್ಲಿ ಸಿಗುತ್ತದೆ, ಕಪ್ಪಾಗಿ ಮಾಗಿದ ಹಣ್ಣು ಮಳೆ ಹಿಡಿಯುವ ಹೊತ್ತಿಗೆ. ಕಾಡು ಕವಳಿಗಿಂತ ದೊಡ್ಡ ಕಾಯಿ ಬೇಕಿದ್ದರೆ ದಾಪೋಲಿ ಕೃಷಿ ವಿದ್ಯಾಪೀಠದ ‘ಕೊಂಕಣ ಬೋಲ್ಡ್’, ಪಂತನಗರದ ‘ಪಂತ್ ಮನೋಹರ’ ತಳಿಗಳಿವೆ.

ಹೊಲದ ಒಳಗೆ ಬಾರಿ ಹಚ್ಚಿ. ಚೆರ್ರಿಯಲ್ಲಿ ನೀವು ಕಂಡ ಸರತಿ ಇದರಲ್ಲೂ ಇದೆ. ‘ಗೋಲಾ’ ಮೊದಲು, ‘ಕೈಥಲಿ’ ನಡುವೆ, ಬಂಗಾರದ ಬಣ್ಣದ ‘ಉಮ್ರಾನ್’ ಕೊನೆಗೆ. ನಮ್ಮ ಕಡೆ ಈ ಸಾಲು ಹೆಚ್ಚುಕಡಿಮೆ ನವೆಂಬರಿನಿಂದ ಫೆಬ್ರವರಿವರೆಗೆ ಬರುತ್ತದೆ. ಸಂಕ್ರಾಂತಿ ಹೊತ್ತಿಗೆ ಪೇಟೆಯ ಬೇಡಿಕೆ ಜೋರು. ಇದರ ಹಲವು ತಳಿಗಳಿಗೂ ಚೆರ್ರಿಯಂತೆ ಬೇರೆ ತಳಿಯ ಪರಾಗ ಬೇಕು. ಆದ್ದರಿಂದ ಉಮ್ರಾನ್ ಒಂದನ್ನೇ ಹೊಲ ತುಂಬ ಹಚ್ಚುವುದು ನನಗೆ ಸರಿ ಕಾಣುವುದಿಲ್ಲ.

ಬಾರಿಗೆ ವರ್ಷವೂ ಚಾಟನಿ ಆಗಲೇಬೇಕು, ಏಕೆಂದರೆ ಕಾಯಿ ಬಿಡುವುದು ಆ ವರ್ಷದ ಹೊಸ ಚಿಗುರಿನಲ್ಲಿ. ಎಲೆ ಉದುರಿ ಮರ ಬೋಳಾಗಿರುವ ಏಪ್ರಿಲ್–ಮೇ ಅದಕ್ಕೆ ತಕ್ಕ ಕಾಲ. ದೊಡ್ಡ ಶತ್ರು ಹಣ್ಣುನೊಣ: ಹುಳು ಬಿದ್ದು ಉದುರಿದ ಹಣ್ಣನ್ನು ಗಿಡದ ಬುಡದಲ್ಲೇ ಬಿಟ್ಟರೆ ಮುಂದಿನ ಪೀಳಿಗೆ ಅಲ್ಲೇ ಮಣ್ಣಿನಲ್ಲಿ ಕೋಶ ಕಟ್ಟುತ್ತದೆ. ದಿನವೂ ಆರಿಸಿ ನಾಶಮಾಡಿ, ಬೇಸಿಗೆಯಲ್ಲಿ ಬುಡದ ಮಣ್ಣು ತಿರುವಿ ಹಾಕಿ.

ಬೀಗರ ಎರಿಯಲ್ಲಿ, ಅದರಲ್ಲೂ ಕಾಲುವೆ ನೀರು ಬಸಿದು ಸವುಳು ಹಿಡಿದಿದ್ದರೆ, ಬಾರಿ ಸ್ವಲ್ಪಮಟ್ಟಿನ ಉಪ್ಪು ತಾಳುತ್ತದೆ. ನೀರು ನಿಲ್ಲದಂತೆ ಬಸಿಗಾಲುವೆ ಮಾತ್ರ ತಪ್ಪಿಸಬೇಡಿ. ನಿಮಗೆ ಹತ್ತಿರದಲ್ಲೇ ಅರಭಾವಿಯ ಕಿತ್ತೂರು ರಾಣಿ ಚೆನ್ನಮ್ಮ ತೋಟಗಾರಿಕೆ ಮಹಾವಿದ್ಯಾಲಯವಿದೆ. ಎರಡೂ ಹೊಲದ ಮಣ್ಣು ತೆಗೆದುಕೊಂಡು ಹೋಗಿ ತಜ್ಞರನ್ನು ಕಂಡು, ಕಣ್ಣು ಕಸಿಯ ಬಾರಿ ಸಸಿ ಎಲ್ಲಿ ಸಿಗುತ್ತದೆಂದು ಅಲ್ಲಿಯೇ ಕೇಳಿ. ಕವಳಿಯನ್ನು ಬೀಜದಿಂದ ಎಬ್ಬಿಸುವುದಾದರೆ, ಮಾಗಿದ ಹಣ್ಣಿನಿಂದ ತೆಗೆದ ಬೀಜವನ್ನು ಆ ಮಳೆಗಾಲದಲ್ಲೇ ಊರಿಬಿಡಿ. ಇಟ್ಟಷ್ಟೂ ಮೊಳೆಯುವ ಶಕ್ತಿ ಕುಂದುತ್ತದೆ.