ಎಲ್‌ಎಸ್ ಎಲ್ಲಿ ಹೋಯ್ತು?

ಲ್ಯಾಬ್ ಇಂಟರ್ನಲ್ಸ್ ಹಿಂದಿನ ರಾತ್ರಿ, ಹೊಳೆನರಸೀಪುರದ ನಮ್ಮನೇಲಿ ಕೂತು ಉಬುಂಟುಗೆ ಜಾವಾ ಹಾಕ್ತಿದ್ದೆ. ಡಾಟ್ ಬ್ಯಾಶ್‌ಆರ್‌ಸಿ ಫೈಲಿನ ಕೊನೆಗೆ ಒಂದು ಸಾಲು ಸೇರಿಸಿ ಹೊಸ ಟರ್ಮಿನಲ್ ತೆರೆದರೆ ಎಲ್‌ಎಸ್ ಇಲ್ಲ, ನ್ಯಾನೋ ಇಲ್ಲ, ಸುಡೋನೂ ಇಲ್ಲ! ಎಲ್ಲಕ್ಕೂ 'ಕಮಾಂಡ್ ನಾಟ್ ಫೌಂಡ್'. ರೆಕಾರ್ಡಿನ ಪ್ರೋಗ್ರಾಮುಗಳೆಲ್ಲ ಅದರಲ್ಲೇ ಇದ್ದವು, ಬ್ಯಾಕಪ್ ಇರಲಿಲ್ಲ. ಆದ್ರೂ ಫಾರ್ಮ್ಯಾಟ್ ಮಾಡೋಕೆ ಪೆನ್‌ಡ್ರೈವ್ ಹುಡುಕ್ತಿದ್ದೆ. ನೀವು ಹಾಗೆ ಮಾಡಬೇಡಿ.

ವಿಚಿತ್ರ ಅಂದ್ರೆ ಸಿಡಿ, ಇಕೋ ಮಾತ್ರ ನಡೀತಿದ್ವು. ಅವು ಬ್ಯಾಶ್ ಒಳಗೇ ಇರುವಂಥವು. ಎಲ್‌ಎಸ್ ಡಿಸ್ಕಿನಲ್ಲಿರೋ ಬೇರೆ ಫೈಲು. ಅಂಥದ್ದನ್ನ ಯಾವ ಫೋಲ್ಡರುಗಳಲ್ಲಿ ಹುಡುಕಬೇಕು ಅನ್ನೋದು ಪಾತ್ ಎಂಬ ವೇರಿಯೇಬಲ್‌ನಲ್ಲಿರುತ್ತೆ. ಹಾಸನದಲ್ಲಿ ಅರಕಲಗೂಡು ಬಸ್ ಹತ್ತಿ ಚನ್ನರಾಯಪಟ್ಟಣ ಬರಲಿಲ್ಲ ಅಂದ್ರೆ ಊರು ಕಳೆದುಹೋಗಿಲ್ಲ, ರೂಟು ಬೇರೆ ಅಷ್ಟೆ.

ಇಕೋ ಡಾಲರ್ ಪಾತ್ ಕೊಟ್ಟೆ. ಜಾವಾ ಫೋಲ್ಡರ್ ಒಂದೇ ಬಂತು. ಸಮ ಚಿಹ್ನೆ ಆದ್ಮೇಲೆ ಡಾಲರ್ ಪಾತ್, ಕೋಲನ್, ಆಮೇಲೆ ಹೊಸ ಫೋಲ್ಡರ್ ಬರೀಬೇಕಿತ್ತು. ನಾನು ಹಳೇದನ್ನ ಬಿಟ್ಟೇಬಿಟ್ಟಿದ್ದೆ! ಸ್ಲ್ಯಾಶ್ ಬಿನ್ ಸ್ಲ್ಯಾಶ್ ನ್ಯಾನೋ ಅಂತ ಪೂರ್ತಿ ವಿಳಾಸ ಕೊಟ್ಟರೆ ಬ್ಯಾಶ್ ಹುಡುಕೋಕೇ ಹೋಗಲ್ಲ. ಹಾಗೇ ಫೈಲ್ ತೆರೆದು ತಿದ್ದಿ, ಹೊಸ ಟರ್ಮಿನಲ್ ತೆಗೆದೆ. ಎಲ್ಲ ವಾಪಸ್. ನಿಜ ಹೇಳಬೇಕಂದ್ರೆ, ಎಲ್‌ಎಸ್ ಎಲ್ಲಿದೆ, ಪಾತ್‌ನಲ್ಲಿ ಏನಿಲ್ಲ ಅಂತ ಉಬುಂಟುವೇ ಬರೆದಿತ್ತು. ನಾನು ಓದಿದ್ದು ಕೊನೇ ಸಾಲು ಮಾತ್ರ.

ಐಎಫ್‌ಕಾನ್ಫಿಗ್ ಸಿಗ್ತಿಲ್ವಾ? ಆ ಕಥೆ ಬೇರೆ. ಹೊಸ ಉಬುಂಟುನಲ್ಲಿ ಅದು ಇನ್‌ಸ್ಟಾಲೇ ಆಗಿರಲ್ಲ. ನೆಟ್-ಟೂಲ್ಸ್ ಪ್ಯಾಕೇಜ್ ಹಾಕ್ಕೊಳ್ಳಿ, ಇಲ್ಲಾ 'ಐಪಿ ಎ' ಕೊಡಿ.