ಘಟ್ಟವಿಳಿಯುವ ಗಾಡಿಗೆ ಎಂಜಿನ್ನೇ ಬ್ರೇಕು

ಆಗುಂಬೆಯಿಂದ ಸೋಮೇಶ್ವರದ ಕಡೆಗೆ 14 ಕಡಿದಾದ ತಿರುವುಗಳನ್ನು ಇಳಿಯುವ ಕಾರೊಂದನ್ನು ಊಹಿಸಿಕೊಳ್ಳೋಣ. ಅದರ ದ್ರವ್ಯರಾಶಿ 1,200 ಕಿಲೋಗ್ರಾಂ. ಇಳಿತ, ಲೆಕ್ಕದ ಅನುಕೂಲಕ್ಕಾಗಿ, 500 ಮೀಟರು. ವೇಗವು ಏರಕೂಡದೆಂದಾದರೆ, ಮೇಲಿದ್ದಾಗ ಗಾಡಿಯಲ್ಲಿ ಅಡಗಿದ್ದ ಸುಮಾರು 59 ಲಕ್ಷ ಜೌಲುಗಳಷ್ಟು ಪ್ರಚ್ಛನ್ನ ಶಕ್ತಿ ಕೆಳಗೆ ಬರುವಷ್ಟರಲ್ಲಿ ಉಷ್ಣವಾಗಿ ವ್ಯಯವಾಗಲೇಬೇಕು. ಸುಮಾರು 18 ಲೀಟರು ತಣ್ಣೀರನ್ನು ಕುದಿಯುವ ಮಟ್ಟಕ್ಕೆ ತರಲು ಸಾಕಾಗುವ ಶಕ್ತಿಯಿದು! ಮೆಲ್ಲನೆ ಸಾಗುವ ಗಾಡಿಗೆ ಗಾಳಿಯ ತಡೆ ಅತ್ಯಲ್ಪ.

ಹೊರೆಯನ್ನೆಲ್ಲ ಬ್ರೇಕಿನ ಮೇಲೆಯೇ ಹೇರಿದರೆ ಏನಾದೀತು? ಬ್ರೇಕಿನ ತಟ್ಟೆಗಳು ಕಾದು ಹಿಡಿತ ಕುಂದುತ್ತದೆ. ಕಾವು ಬ್ರೇಕಿನ ದ್ರವವನ್ನು ಮುಟ್ಟಿ ಅದು ಕುದಿದರೆ ಆವಿಯ ಗುಳ್ಳೆಗಳುಂಟಾಗುತ್ತವೆ. ದ್ರವವು ಕುಗ್ಗದು, ಆವಿ ಕುಗ್ಗುತ್ತದೆ. ಆಗ ಪೆಡಲು ತಳಮುಟ್ಟಿದರೂ ಗಾಡಿ ನಿಲ್ಲದು.

ಎಂಜಿನ್ನು ನೆರವಿಗೆ ಬರುವುದು ಇಲ್ಲಿಯೇ. ಆಕ್ಸಿಲರೇಟರಿನಿಂದ ಕಾಲು ತೆಗೆದೊಡನೆ ಪೆಟ್ರೋಲು ಎಂಜಿನ್ನಿನೊಳಕ್ಕೆ ಗಾಳಿ ಬಿಡುವ ಕವಾಟವು ಬಹುಮಟ್ಟಿಗೆ ಮುಚ್ಚುತ್ತದೆ. ಈಗ ಪಿಸ್ಟನ್ನುಗಳನ್ನು ಓಡಿಸುವುದು ಉರುಳುವ ಚಕ್ರಗಳೇ. ಆ ಕಿರುಸಂದಿನಿಂದ ಗಾಳಿಯನ್ನು ಸೆಳೆಯಲು ಪಿಸ್ಟನ್ನುಗಳು ಹೆಣಗಬೇಕು. ಗಾಳಿಯನ್ನು ಅದುಮುವುದರಿಂದಲೇ ತಡೆಯುಂಟಾಗುವುದೆಂದು ನಮ್ಮ ವಿದ್ಯಾರ್ಥಿಗಳು ಉತ್ತರಪತ್ರಿಕೆಗಳಲ್ಲಿ ಬರೆಯುವುದುಂಟು. ಅದು ಸರಿಯಲ್ಲ. ಅದುಮಿದ ಗಾಳಿ ಸ್ಪ್ರಿಂಗಿನಂತೆ ಹಿಗ್ಗಿ, ಪಡೆದುದರಲ್ಲಿ ಹೆಚ್ಚುಪಾಲನ್ನು ಪಿಸ್ಟನ್ನಿಗೆ ಹಿಂದಿರುಗಿಸುತ್ತದೆ. ತಡೆಯ ಮೂಲವಿರುವುದು ಆ ಸೆಳೆತದಲ್ಲಿ ಮತ್ತು ಎಂಜಿನ್ನಿನ ಒಳಘರ್ಷಣೆಯಲ್ಲಿ.

ಸ್ವಯಂಚಾಲಿತ ಗೇರಿನ ಗಾಡಿಯಲ್ಲಿ ಒಂದು ತೊಡಕುಂಟು. ಗೇರಿನ ಸನ್ನೆಯನ್ನು 'ಡಿ'ಯಲ್ಲಿಟ್ಟು ಕಾಲು ತೆಗೆದರೆ, ಬಲ ಬೇಡವೆಂದೆಣಿಸಿ ಯಂತ್ರವು ಮೇಲಿನ ಗೇರಿಗೆ ಏರಬಹುದು. ಇಳಿಜಾರನ್ನರಿತು ತಾನೇ ಗೇರಿಳಿಸುವ ಗಾಡಿಗಳೂ ಇವೆ. ಎಲ್ಲವೂ ಅಷ್ಟು ಜಾಣವಲ್ಲ. ಚಕ್ರದ ಒಂದು ಸುತ್ತಿಗೆ ಎಂಜಿನ್ನು ಮೇಲಿನ ಗೇರಿನಲ್ಲಿ 3 ಸುತ್ತು, ಎರಡನೆಯ ಗೇರಿನಲ್ಲಿ 8 ಸುತ್ತು ತಿರುಗುವುದೆನ್ನೋಣ. ಗಾಡಿಯ ವೇಗ ಒಂದೇ ಆದರೂ ಎರಡನೆಯ ಗೇರಿನಲ್ಲಿ ತಡೆ ಎರಡೂವರೆಪಟ್ಟನ್ನು ಮೀರುತ್ತದೆ. ಆದುದರಿಂದ ಇಳಿತಕ್ಕೆ ಮೊದಲೇ ವೇಗ ತಗ್ಗಿಸಿ ಸನ್ನೆಯನ್ನು '2' ಅಥವಾ 'ಎಲ್' ಸ್ಥಾನಕ್ಕೆ, ಇಲ್ಲವೆ ಋಣಚಿಹ್ನೆಯ ಕಡೆಗೆ ಸರಿಸಬೇಕು. ವೇಗವು ಮಿತಿಮೀರಿದ ಮೇಲೆ ಗೇರಿಳಿಸಲು ಹಲವು ಯಂತ್ರಗಳು ಒಪ್ಪುವುದೇ ಇಲ್ಲ. ತಿರುವು ಬಂದಾಗ ಬ್ರೇಕನ್ನು ಗಟ್ಟಿಯಾಗಿ ಒತ್ತಿ ಬಿಟ್ಟರಾಯಿತು. ನಡುವೆ ಅದು ಆರುತ್ತದೆ.

ಪೆಟ್ರೋಲು ಉಳಿಯಲೆಂದು ಸನ್ನೆಯನ್ನು ನ್ಯೂಟ್ರಲಿನಲ್ಲಿಟ್ಟು ಜಾರುವವರುಂಟು. ಅಪಾಯವಂತಿರಲಿ, ಇದು ಲೆಕ್ಕದಲ್ಲಿಯೂ ತಪ್ಪು. ಗೇರಿನಲ್ಲಿದ್ದು ಕಾಲು ತೆಗೆದಾಗ ಇಂದಿನ ಎಂಜಿನ್ನುಗಳು ಸಾಮಾನ್ಯವಾಗಿ ಇಂಧನವನ್ನೇ ನಿಲ್ಲಿಸಿಬಿಡುತ್ತವೆ. ನ್ಯೂಟ್ರಲಿನಲ್ಲಾದರೋ, ಸುಮ್ಮನೆ ತಿರುಗುತ್ತಿರಲಿಕ್ಕೂ ಎಂಜಿನ್ನಿಗೆ ಪೆಟ್ರೋಲು ಬೇಕು.