ಮೊದಲು ಪ್ರಶ್ನೆಪತ್ರಿಕೆ, ಆಮೇಲೆ ಫೀಸು

2024ರ ಜೂನ್‌ನಲ್ಲಿ, ಅಡಿಕೆ ಮಾರಿ ಬಂದ ದುಡ್ಡಿನಲ್ಲಿ 24,000 ರೂಪಾಯಿ ಎಣಿಸಿ ಪೇಟೆಯ ಒಂದು ಟ್ಯೂಷನ್ ಸೆಂಟರಿಗೆ ಕಟ್ಟಿ ಬಂದೆ. ಆರೂ ವಿಷಯಕ್ಕೆ ಸೇರಿ ಒಂದೇ ಕಂತು. ಕಟ್ಟಿದ ಮೇಲೆ ವಾಪಸ್ ಇಲ್ಲ. ಮಗಳು ಮನೆಯಲ್ಲೇ ಓದಿ ಎಸ್ಸೆಸ್ಸೆಲ್ಸಿಗೆ ಖಾಸಗಿ ಅಭ್ಯರ್ಥಿಯಾಗಿ ಕೂರುವವಳಿದ್ದಳು. ಎಲ್ಲ ವಿಷಯಕ್ಕೂ ಮೇಷ್ಟ್ರು ಸಿಕ್ಕರೆಂದು ಆ ರಾತ್ರಿ ನಿಶ್ಚಿಂತೆಯಿಂದ ಮಲಗಿದೆ.

ಎಂಟನೇ ತರಗತಿ ಮುಗಿದ ಬೇಸಿಗೆಯಲ್ಲಿ ಅವಳ ಕಾಲಿಗೆ ಶಸ್ತ್ರಚಿಕಿತ್ಸೆಯಾಗಿತ್ತು. ನಮ್ಮೂರು ಅಂಬ್ಲಿಗೊಳದಿಂದ ಆಗ ದಿನಾ ಬಸ್ಸಿನಲ್ಲಿ ನಿಂತು ಹೋಗಿ ಬರುವುದು ಆಗದ ಮಾತಾಯಿತು. ಶಾಲೆ ಬಿಡಿಸಿದೆವು. ಶಾಲೆಯ ಫೀಸು, ಪುಸ್ತಕ, ಬಸ್ಸು ಎಲ್ಲ ಸೇರಿ ವರ್ಷಕ್ಕೆ ಮೂವತ್ತು ಸಾವಿರಕ್ಕೂ ಮೇಲೆ ಉಳಿಯುತ್ತದೆ ಎಂದು ಅವರಪ್ಪ ಲೆಕ್ಕ ಹಾಕಿದ್ದರು. ಆಸ್ಪತ್ರೆಯ ಸಾಲ ತೀರಿಸಲು ಅದೇ ಆಧಾರವಾಗಿತ್ತು. ಆದರೆ ಶಾಲೆ ಕೊಡುವ ಒಂದು ಸೇವೆ ನಮ್ಮ ಲೆಕ್ಕಕ್ಕೆ ಬಂದಿರಲಿಲ್ಲ. ಕಿರುಪರೀಕ್ಷೆ, ಅರ್ಧವಾರ್ಷಿಕ, ಪೂರ್ವಸಿದ್ಧತಾ ಪರೀಕ್ಷೆ ಎಂದು ಅಲ್ಲಿ ಮಗು ಎಲ್ಲಿ ನಿಂತಿದೆಯೆಂದು ತಿಂಗಳು ತಿಂಗಳೂ ಗೊತ್ತಾಗುತ್ತಿರುತ್ತದೆ. ಮನೆಯಲ್ಲಿ ಓದುವ ಮಗುವಿನ ಮಟ್ಟ ಹೇಳುವವರು ಯಾರೂ ಇರುವುದಿಲ್ಲ. ಒಂದೂವರೆ ವರ್ಷ ನಮ್ಮ ಮಗಳು ಪುಸ್ತಕ ಹಿಡಿದು ಕೂತಿದ್ದನ್ನು ನೋಡಿದೆವು, ಓದುತ್ತಿದ್ದಾಳೆ ಎಂದುಕೊಂಡೆವು.

2024ರ ಡಿಸೆಂಬರಿನಲ್ಲಿ ನಮ್ಮೂರ ಕಡೆಯ ನಿವೃತ್ತ ಗಣಿತ ಮೇಷ್ಟ್ರೊಬ್ಬರು ಮನೆಗೆ ಬಂದಿದ್ದರು. "ಒಂದು ಹಳೆಯ ಪ್ರಶ್ನೆಪತ್ರಿಕೆ ಬರೆಸಿ ನೋಡಿದ್ದೀರೇನಮ್ಮಾ?" ಎಂದು ಕೇಳಿದರು. ಬರೆಸಿರಲಿಲ್ಲ. ಅವರೇ ಆರು ವಿಷಯಕ್ಕೂ ಪತ್ರಿಕೆ ತಂದು, ದಿನಕ್ಕೊಂದರಂತೆ ಗಡಿಯಾರ ಇಟ್ಟು ಬರೆಸಿದರು. ಕನ್ನಡದಲ್ಲಿ 125ಕ್ಕೆ 98. ಸಮಾಜ, ಹಿಂದಿ, ವಿಜ್ಞಾನ ಮೂರರಲ್ಲೂ ಐವತ್ತರ ಮೇಲೆ. ಇಂಗ್ಲಿಷ್ 44. ಗಣಿತ ನೂರಕ್ಕೆ 19.

ಉತ್ತರಪತ್ರಿಕೆ ತಿರುವಿಹಾಕಿದ ಮೇಷ್ಟ್ರಿಗೆ ಹತ್ತು ನಿಮಿಷದಲ್ಲಿ ತೊಡಕು ಸಿಕ್ಕಿತು. ಋಣ ಸಂಖ್ಯೆ ಕಳೆಯುವುದು, ಭಿನ್ನರಾಶಿ ಭಾಗಿಸುವುದು ಅವಳಿಗೆ ಬರುತ್ತಿರಲಿಲ್ಲ. ಅದು ಆರು, ಏಳನೇ ತರಗತಿಯ ಪಾಠ. 2020ರ ಮಾರ್ಚಿನಲ್ಲಿ ಕೊರೊನಾಕ್ಕೆ ಶಾಲೆ ಮುಚ್ಚಿದಾಗ ಅವಳು ಐದರಲ್ಲಿದ್ದಳು. ಆರನೆಯ ತರಗತಿ ಬಹುಪಾಲು ಮೊಬೈಲಿನಲ್ಲೇ ಕಳೆಯಿತು, ಪರೀಕ್ಷೆಯಿಲ್ಲದೆ ಮೇಲಕ್ಕೆ ಹೋದಳು. ಟ್ಯೂಷನ್ ಸೆಂಟರಿನಲ್ಲಿ ಆಗ ತ್ರಿಕೋನಮಿತಿ ನಡೆಯುತ್ತಿತ್ತು. ಅಲ್ಲಿ ಅವಳು ಬರೆದುಕೊಂಡ ನೋಟ್ಸು ಮುತ್ತಿನಂತಿತ್ತು, ತಲೆಗೆ ಒಂದೂ ಇಳಿದಿರಲಿಲ್ಲ. ಕೇಳುವುದಕ್ಕೆ ನಾಚಿಕೆ.

ಖಾಸಗಿ ಅಭ್ಯರ್ಥಿಗೆ ಇಂಥ ತೊಡಕು ಇನ್ನಷ್ಟು ದುಬಾರಿ. ಶಾಲೆಯ ಮಕ್ಕಳು ಗಣಿತದಲ್ಲಿ 80 ಅಂಕದ ಪತ್ರಿಕೆ ಬರೆಯುತ್ತಾರೆ, ಉಳಿದ 20 ಆಂತರಿಕ ಅಂಕ ಶಾಲೆಯಿಂದ ಬರುತ್ತದೆ. ಖಾಸಗಿಯವರಿಗೆ ಆ ಆಸರೆಯಿಲ್ಲ. ನೂರಕ್ಕೆ ನೂರನ್ನೂ ಪರೀಕ್ಷಾ ಕೊಠಡಿಯಲ್ಲೇ ಗಳಿಸಬೇಕು.

ಅಮೆರಿಕದ ಟೆಕ್ಸಾಸ್‌ನಲ್ಲಿರುವ ನನ್ನ ಚಿಕ್ಕಪ್ಪನ ಮಗಳೂ ತನ್ನ ಮಗನನ್ನು ಮನೆಯಲ್ಲೇ ಓದಿಸುತ್ತಾಳೆ. ಅಲ್ಲಿ ಹದಿನಾರರ ಹುಡುಗರೂ ಕಮ್ಯುನಿಟಿ ಕಾಲೇಜಿನ ತರಗತಿಗೆ ಸೇರಬಹುದು. ಸೇರುವ ಮೊದಲು ಸಾಮಾನ್ಯವಾಗಿ ಗಣಿತ ಮತ್ತು ಇಂಗ್ಲಿಷಿನಲ್ಲಿ ಮಟ್ಟ ಅಳೆಯುವ ಪರೀಕ್ಷೆ ಬರೆಯಬೇಕು. ಟೆಕ್ಸಾಸ್‌ನಲ್ಲಿ ಅದನ್ನು ಟಿಎಸ್ಐ ಅನ್ನುತ್ತಾರೆ. ಫೇಲ್ ಎನ್ನುವ ಮಾತು ಅದರಲ್ಲಿಲ್ಲ, ಯಾವ ತರಗತಿಗೆ ಕೂರಿಸಬೇಕು ಎಂದಷ್ಟೇ ತೀರ್ಮಾನ. "ಆದ್ರೆ ಅಕ್ಕಾ, ಮಟ್ಟ ಕಡಿಮೆ ಬಂದ್ರೆ ಕೆಳಗಿನ ಪಾಠ ತಗೋಬೇಕು. ಅದಕ್ಕೂ ಫೀಸು ಕಟ್ಟಬೇಕು, ಡಿಗ್ರಿಗೆ ಅದು ಲೆಕ್ಕಕ್ಕಿಲ್ಲ" ಅಂದಳು ಫೋನಿನಲ್ಲಿ. ಹಾಗಾಗಿ ಮಗನನ್ನು ನಾಲ್ಕು ತಿಂಗಳು ಮೊದಲೇ ಅಭ್ಯಾಸದ ಪರೀಕ್ಷೆಗೆ ಕೂರಿಸಿ, ಬಾರದ ಪಾಠವನ್ನು ಮಾತ್ರ ಹೇಳಿಕೊಡಿಸಿದ್ದಾಳೆ. ನಾನು ಅದನ್ನೇ ತಿರುಗುಮುರುಗು ಮಾಡಿದ್ದೆ.

ಮೇಷ್ಟ್ರು ತಿಂಗಳಿಗೆ 1,500ರಂತೆ ಗಣಿತವೊಂದನ್ನೇ ಹಿಡಿದರು. ಏಳನೇ ತರಗತಿಯ ಪಠ್ಯಪುಸ್ತಕ ಸರ್ಕಾರದ ಜಾಲತಾಣದಲ್ಲಿ ಪುಕ್ಕಟೆ ಸಿಗುತ್ತದೆ, ಜೆರಾಕ್ಸ್ ಅಂಗಡಿಯಲ್ಲಿ ಪ್ರಿಂಟ್ ತೆಗೆಸಿದೆವು. 2025ರ ಮಾರ್ಚಿನ ಪರೀಕ್ಷೆ-1ರಲ್ಲಿ ಐದು ವಿಷಯ ಪಾಸು, ಗಣಿತಕ್ಕೆ 31. ಬೇಕಿದ್ದದ್ದು 35. ಅವತ್ತು ಅವಳು ಊಟ ಬಿಟ್ಟು ಕೂತಳು. ವರ್ಷಕ್ಕೆ ಮೂರು ಪರೀಕ್ಷೆಯ ಪದ್ಧತಿ 2024ರಿಂದ ಬಂದಿದ್ದು ನಮ್ಮ ಪುಣ್ಯ. ಮೇ ಕೊನೆಯಲ್ಲಿ ಶುರುವಾದ ಪರೀಕ್ಷೆ-2ರಲ್ಲಿ ಗಣಿತಕ್ಕೆ 47 ಬಂತು, ವರ್ಷ ಉಳಿಯಿತು.

ಮೇಷ್ಟ್ರಿಗೆ ಆರು ತಿಂಗಳಿಗೆ ಕೊಟ್ಟಿದ್ದು 9,000. ಟ್ಯೂಷನ್ ಸೇರಿ ಒಟ್ಟು 33,000. ಜೂನ್‌ನಲ್ಲೇ ಪತ್ರಿಕೆ ಬರೆಸಿದ್ದರೆ ಹತ್ತು ತಿಂಗಳ ಗಣಿತಕ್ಕೆ 15,000 ಸಾಕಿತ್ತು. ಇಂಗ್ಲಿಷಿಗೆ ಇನ್ನಷ್ಟು ಸೇರಿಸಿದರೂ ಒಂದಷ್ಟು ಹಣ ಆಸ್ಪತ್ರೆಯ ಸಾಲಕ್ಕೆ ಹೋಗುತ್ತಿತ್ತು. ಮಣ್ಣು ಪರೀಕ್ಷೆ ಮಾಡಿಸದೆ ತೋಟಕ್ಕೆ ಗೊಬ್ಬರ ಸುರಿಯಬೇಡಿ ಎಂದು ಗಂಡನಿಗೆ ಹೇಳುವವಳು ನಾನೇ. ಮಗಳ ವಿಷಯದಲ್ಲಿ ಅದು ನೆನಪಾಗಲಿಲ್ಲ ಎಂಬುದು ಈಗಲೂ ನೋಯುತ್ತದೆ.

ಎಸ್ಸೆಸ್ಸೆಲ್ಸಿ ಪಾಸಾದ ಅಂಕಪಟ್ಟಿಗೆ ಇನ್ನೊಂದು ಬೆಲೆಯೂ ಇದೆ. 2016ರಲ್ಲಿ ಅವಳ ಹೆಸರಲ್ಲಿ ಅಂಚೆ ಕಚೇರಿಯಲ್ಲಿ ಸುಕನ್ಯಾ ಸಮೃದ್ಧಿ ಖಾತೆ ತೆರೆದಿದ್ದೆವು. ಹುಡುಗಿಗೆ 18 ತುಂಬಿದ ಮೇಲೆ ಅಥವಾ ಹತ್ತನೇ ತರಗತಿ ಪಾಸಾದ ಮೇಲೆ, ಯಾವುದು ಮೊದಲೋ ಆಗ, ಹಿಂದಿನ ಹಣಕಾಸು ವರ್ಷದ ಕೊನೆಗಿದ್ದ ಮೊತ್ತದ ಅರ್ಧದವರೆಗೆ ಓದಿಗೆ ತೆಗೆಯಬಹುದು. ಪ್ರವೇಶದ ಪತ್ರ ಅಥವಾ ಶುಲ್ಕದ ಚೀಟಿ ಕೊಡಬೇಕು, ಶುಲ್ಕ ಎಷ್ಟಿದೆಯೋ ಅಷ್ಟೇ ಸಿಗುತ್ತದೆ. ಶಾಲೆ ಬಿಟ್ಟು ಮನೆಯಲ್ಲಿ ಓದುವ ಹುಡುಗಿಗೆ ಹತ್ತನೆಯದು ನಿಂತರೆ ಈ ಬಾಗಿಲು 18ರ ತನಕ ತೆರೆಯುವುದಿಲ್ಲ.

ಅವಳೀಗ ಸರ್ಕಾರಿ ಪಾಲಿಟೆಕ್ನಿಕ್‌ನಲ್ಲಿ ಡಿಪ್ಲೊಮಾ ಓದುತ್ತಿದ್ದಾಳೆ. ವರ್ಷದ ಶುಲ್ಕ ಐದು ಸಾವಿರದ ಆಸುಪಾಸು. ಅದನ್ನು ಕೈಯಿಂದಲೇ ಕಟ್ಟಿದೆವು, ಆಗ ಶೇಕಡಾ 8.2ರ ಬಡ್ಡಿ ಬರುತ್ತಿದ್ದ ಆ ಖಾತೆಯನ್ನು ಮುಟ್ಟಲಿಲ್ಲ. ಮೂರು ವರ್ಷದ ಡಿಪ್ಲೊಮಾ ಮುಗಿಸಿ, ಡಿಸಿಇಟಿ ಎಂಬ ಪ್ರವೇಶ ಪರೀಕ್ಷೆ ಬರೆದು ಎಂಜಿನಿಯರಿಂಗಿನ ಎರಡನೇ ವರ್ಷಕ್ಕೆ ಸೇರುವ ಆಸೆ ಅವಳದು. ಆ ಹಣ ಅದಕ್ಕೆಂದು ಇಟ್ಟಿದ್ದೇವೆ.

ನಿಮ್ಮ ಮನೆಯಲ್ಲೂ ಖಾಸಗಿಯಾಗಿ ಪರೀಕ್ಷೆ ಕಟ್ಟುವ ಮಗುವಿದ್ದರೆ, ಈ ಭಾನುವಾರ ಒಂದು ಹಳೆಯ ಗಣಿತ ಪತ್ರಿಕೆ ಪ್ರಿಂಟ್ ತೆಗೆಸಿ ಮೂರು ತಾಸು ಕೂರಿಸಿ. ಟ್ಯೂಷನ್ನಿನವರಿಗೆ ದುಡ್ಡು ಕೊಡುವುದನ್ನು ಸೋಮವಾರದ ತನಕ ತಡೆದುಕೊಳ್ಳಿ.